ಆರಿದ ರೇಡಿಯೋ, ಸಿಗದ ವಾಲ್ವು

ಈಚೆಗೆ ನಮ್ಮ ಕಚೇರಿಗೆ ಬಂದ ಮೂರು ಪತ್ರಗಳಲ್ಲಿ ಒಂದೇ ಪ್ರಶ್ನೆಯಿದೆ. ಬರೆದವರಲ್ಲಿ ಒಬ್ಬರು ಹೋಟೆಲಿನ ಗಲ್ಲಾದಲ್ಲಿ ಕುಳಿತುಕೊಳ್ಳುವವರು, ಇನ್ನೊಬ್ಬರು ಬ್ಯಾಂಕಿನ ಗುಮಾಸ್ತರು, ಮೂರನೆಯವರು ಖಡಕಿಯ ಕಾರ್ಖಾನೆಯಿಂದ ನಿವೃತ್ತರಾದವರು. ತಂದೆಯ ಕಾಲದ ರೇಡಿಯೋ ಮನೆಯಲ್ಲಿದೆ, ಅದರ ಮಾತು ನಿಂತಿದೆ, ತೋರಿಸಿದರೆ ಮೆಕ್ಯಾನಿಕ್ಕನು “ವಾಲ್ವು ಹೋಗಿದೆ, ಈಗ ಅದು ಎಲ್ಲಿಯೂ ಸಿಗುವುದಿಲ್ಲ” ಎಂದುಬಿಟ್ಟಿದ್ದಾನೆ, ಮುಂದೇನು ಮಾಡೋಣ? ಮೂವರಿಗೂ ಬೇರೆ ಬೇರೆ ಉತ್ತರ ಬರೆಯುವುದಕ್ಕಿಂತ, ಇಂಥದೇ ಸೆಟ್ಟುಗಳನ್ನು ಅಟ್ಟದ ಮೇಲೆ ಇಟ್ಟುಕೊಂಡಿರಬಹುದಾದ ಇತರ ಓದುಗರಿಗೂ ಉಪಯೋಗವಾಗಲೆಂದು ಇಲ್ಲಿಯೇ ಬರೆಯುತ್ತಿದ್ದೇವೆ.

ಇದು ಕೇವಲ ಹಳೆಯ ವಸ್ತುವಿನ ಮೇಲಿನ ಮೋಹವಲ್ಲ. ನಮ್ಮ ಜನ ಊರು ಬಿಟ್ಟು ಪುಣೆಗೆ ಬಂದು ಒಲೆಯ ಮುಂದೆ, ಮೇಜಿನ ನಡುವೆ, ದಫ್ತರದ ಕಾಗದಗಳ ನಡುವೆ ದುಡಿಯತೊಡಗಿದ ಕಾಲದಲ್ಲಿ ಕನ್ನಡದ ಧ್ವನಿ ಕೇಳಿಸುವ ಸಾಧನಗಳು ಬಹಳ ಇರಲಿಲ್ಲ. ಧಾರವಾಡದ ನಿಲಯ 1950ರ ಜನವರಿ 8ರಂದು ಆರಂಭವಾಯಿತು. ಪುಣೆಯ ನಿಲಯ ಬಂದದ್ದು 1953ರ ಅಕ್ಟೋಬರಿನಲ್ಲಿ. ಹಗಲಿನಲ್ಲಿ ಧಾರವಾಡ ಇಲ್ಲಿಗೆ ಸರಿಯಾಗಿ ಎಟುಕುತ್ತಿರಲಿಲ್ಲ. ಸೂರ್ಯ ಮುಳುಗಿದ ಮೇಲೆ ಮಧ್ಯಮ ತರಂಗಗಳು ಮೇಲಿನ ವಾಯುಮಂಡಲದಿಂದ ಪ್ರತಿಫಲಿಸಿ ದೂರದವರೆಗೆ ಸಾಗುತ್ತವೆಯಷ್ಟೆ. ಆದಕಾರಣ ಹೋಟೆಲಿನ ಬಾಗಿಲು ಹಾಕುವ ಹೊತ್ತಿಗೆ ಅದು ಕೇಳಿಸತೊಡಗುತ್ತಿತ್ತು. ಬುಧವಾರ ರಾತ್ರಿ ಎಂಟಕ್ಕೆ ಸಿಲೋನಿನ ಬಿನಾಕಾ ಗೀತಮಾಲೆಗಾಗಿ ಗಿರಾಕಿಗಳು ಒಂದೇ ಚಹಾ ಮುಂದಿಟ್ಟುಕೊಂಡು ಒಂದು ಗಂಟೆ ಕುಳಿತರೆ, ಗಿರಾಕಿಗಳೆಲ್ಲ ಹೋದ ಬಳಿಕ ಭಟ್ಟರೂ ಮಾಣಿಗಳೂ ಮುಳ್ಳನ್ನು ಧಾರವಾಡದ ಕಡೆಗೆ ತಿರುಗಿಸುತ್ತಿದ್ದರು. ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸು ಹಣ ಕಟ್ಟಿ ಇಟ್ಟುಕೊಂಡಿದ್ದ ಪೆಟ್ಟಿಗೆ ಅದು. ಅದನ್ನು ಸುಲಭವಾಗಿ ರದ್ದಿಗೆ ಹಾಕಲು ಮಕ್ಕಳಿಗೆ ಮನಸ್ಸು ಬಾರದಿದ್ದರೆ ಆಶ್ಚರ್ಯವಿಲ್ಲ.

ಈಗಿನ ಅಪಾಯವೆಂದರೆ ಬೇರೊಂದು. ‘ವಾಲ್ವು ಸಿಗುವುದಿಲ್ಲ’ ಎಂಬ ಮಾತಿನ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: “ಒಳಗಿನದನ್ನೆಲ್ಲ ತೆಗೆದು ಬ್ಲೂಟೂತ್ ಬೋರ್ಡು ಕೂರಿಸಿಕೊಡುತ್ತೇನೆ, ಹೊರಗೆ ನೋಡಲು ಹಾಗೆಯೇ ಇರುತ್ತದೆ.” ಒಳಗಿನದು ತೂಕಕ್ಕೆ ಹೋಗುತ್ತದೆ. ಆ ತೂಕದಲ್ಲಿ ಚೆನ್ನಾಗಿಯೇ ಇದ್ದ ನಾಲ್ಕು ವಾಲ್ವುಗಳೂ ಹೋಗುತ್ತವೆಯೆಂಬುದು ಮನೆಯವರಿಗೆ ತಿಳಿಯುವುದಿಲ್ಲ. ಆದುದರಿಂದ ಹೊಸ ವಾಲ್ವು ಎಲ್ಲಿ ಸಿಕ್ಕೀತೆಂದು ಕೇಳುವ ಮೊದಲು, ಹಳೆಯದು ನಿಜವಾಗಿಯೂ ಹೋಗಿದೆಯೇ ಎಂದು ಕೇಳಬೇಕೆಂಬುದು ನಮ್ಮ ಮೊದಲ ಸಲಹೆ. ನಾವು ಕಂಡಮಟ್ಟಿಗೆ ‘ಹೋಗಿದೆ’ ಎಂದು ತಳ್ಳಿದ ವಾಲ್ವುಗಳಲ್ಲಿ ಬಹುಪಾಲು ಹೋಗಿರುವುದಿಲ್ಲ.

ಖಡಕಿಯ ಮಹಾಶಯರ ಸೆಟ್ಟಿನ ಸಂಗತಿಯನ್ನೇ ನೋಡಿ. ಅದು ಏಸಿ, ಡೀಸಿ ಎರಡಕ್ಕೂ ನಡೆಯುವ ಐದು ವಾಲ್ವಿನ ಸೆಟ್ಟು. ಕೆಲವು ಊರುಗಳಲ್ಲಿ ಆಗ ಡೀಸಿ ವಿದ್ಯುತ್ತೇ ಇದ್ದುದರಿಂದ ಇಂಥವನ್ನು ಮಾಡುತ್ತಿದ್ದರು. ಇದರಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ. ಐದೂ ವಾಲ್ವುಗಳ ಹೀಟರುಗಳನ್ನು ಒಂದರ ಹಿಂದೆ ಒಂದು ಸರವಾಗಿ ಪೋಣಿಸಿ ನೇರವಾಗಿ ಗೋಡೆಯ ವಿದ್ಯುತ್ತಿಗೆ ಜೋಡಿಸಿರುತ್ತಾರೆ. ದೀಪಾವಳಿಯಲ್ಲಿ ಅಂಗಡಿಯ ಮುಂದೆ ತೂಗುಹಾಕುವ ಬಣ್ಣದ ದೀಪದ ಸರವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಒಂದು ಆರಿದರೆ ಎಲ್ಲವೂ ಆರುತ್ತವೆ. ಮೆಕ್ಯಾನಿಕ್ಕನು ಒಂದೂ ಬೆಳಗದಿದ್ದುದನ್ನು ನೋಡಿ ಐದೂ ಸತ್ತಿವೆಯೆಂದು ತೀರ್ಮಾನಿಸಿದ್ದನು.

ನಾವು ಹೋಗಿ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ವಾಲ್ವುಗಳನ್ನು ಒಂದೊಂದಾಗಿ ಹೊರತೆಗೆದು ಮೀಟರು ಹಿಡಿದೆವು. ಒಂಬತ್ತು ಕಡ್ಡಿಯ ಆ ಬಗೆಯ ವಾಲ್ವುಗಳಲ್ಲಿ 4 ಮತ್ತು 5ನೆಯ ಕಡ್ಡಿಗಳ ನಡುವೆ ಹೀಟರು ಇರುತ್ತದೆ. ನಾಲ್ಕು ವಾಲ್ವುಗಳಲ್ಲಿ ಮುಳ್ಳು ಆಡಿತು. ಯುವೈ 85 ಎಂಬ ಒಂದರಲ್ಲಿ ಮಾತ್ರ ಆಡಲಿಲ್ಲ. ಅದು ಏಸಿಯನ್ನು ಡೀಸಿಯಾಗಿ ಮಾಡುವ ರೆಕ್ಟಿಫೈಯರ್. ಐದರಲ್ಲಿ ಇದೊಂದಕ್ಕೆ ಮಾತ್ರ ಬೇರೆ ವಾಲ್ವು ಸಿಗದಿದ್ದರೂ ನಡೆಯುತ್ತದೆ. ಕಡಲೆಕಾಳಿನಷ್ಟಿರುವ 1ಎನ್4007 ಎಂಬ ಸಿಲಿಕಾನ್ ಡಯೋಡು ಅದರ ಕೆಲಸವನ್ನು ಮಾಡಬಲ್ಲುದು. ಬೆಲೆ ಕೆಲವೇ ರೂಪಾಯಿ.

ಆದರೆ ಡಯೋಡನ್ನು ಹಾಗೆಯೇ ಹಾಕಿಬಿಟ್ಟರೆ ಸಾಲದು. ಹೋದ ವಾಲ್ವಿನ ಹೀಟರು ಸರದಲ್ಲಿ 38 ವೋಲ್ಟನ್ನು ತಿನ್ನುತ್ತಿತ್ತು; ಸರದ ಪ್ರವಾಹ 0.1 ಆಂಪಿಯರ್. ಅಲ್ಲಿ 380 ಓಮಿನ ರೆಸಿಸ್ಟೆನ್ಸನ್ನು ಸೇರಿಸದಿದ್ದರೆ ಆ ಹೊರೆ ಉಳಿದ ನಾಲ್ಕರ ಮೇಲೆ ಬೀಳುತ್ತದೆ. ಅದು ಸುಮಾರು 4 ವ್ಯಾಟಿನಷ್ಟು ಕಾಯುವುದರಿಂದ 10 ವ್ಯಾಟಿನದನ್ನೇ ಹಾಕಿ, ಮರದ ಪೆಟ್ಟಿಗೆಗೆ ತಾಗದಂತೆ ಇಡಬೇಕು. ಎರಡನೆಯದಾಗಿ, ವಾಲ್ವು ನಿಧಾನವಾಗಿ ಕಾದು ನಿಧಾನವಾಗಿ ವೋಲ್ಟೇಜು ಕೊಡುತ್ತಿತ್ತು. ಡಯೋಡಿಗೆ ಆ ದಾಕ್ಷಿಣ್ಯವಿಲ್ಲ. ಸ್ವಿಚ್ಚು ಹಾಕಿದ ಕ್ಷಣದಲ್ಲಿಯೇ, ಉಳಿದ ವಾಲ್ವುಗಳು ಇನ್ನೂ ತಣ್ಣಗಿರುವಾಗ, 230 ವೋಲ್ಟಿನ ಶಿಖರವಾದ 325 ವೋಲ್ಟು ಹಳೆಯ ಕಂಡೆನ್ಸರುಗಳ ಮೇಲೆ ಎರಗುತ್ತದೆ. ಆದಕಾರಣ ಡಯೋಡಿನ ಮುಂದೆ 100 ಓಮಿಗೆ ಕಡಿಮೆಯಿಲ್ಲದ ಇನ್ನೊಂದು ರೆಸಿಸ್ಟೆನ್ಸು ಇರಬೇಕು. ಫಿಲ್ಟರ್ ಕಂಡೆನ್ಸರುಗಳು ಆ ವೋಲ್ಟೇಜನ್ನು ತಾಳುವ ಹೊಸವೇ ಆಗಿರಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಎಂಬಂತೆ ಹೇಳುತ್ತೇವೆ. ಇಂಥ ಏಸಿ-ಡೀಸಿ ಸೆಟ್ಟುಗಳಲ್ಲಿ ತಗಡಿನ ಚಾಸಿಗೇ ಗೋಡೆಯ ವಿದ್ಯುತ್ತು ಸಿಕ್ಕಿಕೊಂಡಿರುತ್ತದೆ. ಹಿಂದಿನ ರಟ್ಟು ತೆಗೆದು ಕೈ ಹಾಕಿದರೆ, ಗುಂಡಿ ಕಳಚಿದ ಕಬ್ಬಿಣದ ಕಡ್ಡಿಯನ್ನು ಮುಟ್ಟಿದರೆ ಜೀವಕ್ಕೆ ಅಪಾಯ. ಹೋಟೆಲಿನ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವರಿಗಂತೂ ಹೇಳುವುದೇ ಬೇಡ. ಪ್ಲಗ್ಗು ಕಿತ್ತ ಮೇಲೆಯೂ ಕಂಡೆನ್ಸರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಕೆಲಸ ಬಲ್ಲವರನ್ನು ಪಕ್ಕದಲ್ಲಿಟ್ಟುಕೊಳ್ಳದೆ ಇದಕ್ಕೆ ಕೈ ಹಚ್ಚಬಾರದು. ವರ್ಷಗಟ್ಟಲೆ ಸುಮ್ಮನಿದ್ದ ಸೆಟ್ಟನ್ನು ಮೊದಲ ಬಾರಿ ಹಚ್ಚುವಾಗ 60 ಅಥವಾ 100 ವ್ಯಾಟಿನ ಹಳೆಯ ಮಾದರಿಯ ಬಲ್ಬೊಂದನ್ನು ಸಾಲಿನಲ್ಲಿ ಸೇರಿಸಿ ಹಚ್ಚಬೇಕು. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಝಗ್ಗನೆ ಉರಿದು ತಿಳಿಸುತ್ತದೆ, ಸೆಟ್ಟು ಉಳಿಯುತ್ತದೆ.

ವಾಲ್ವಿಗೆ ಕೆಟ್ಟ ಹೆಸರು ತರುವ ಇನ್ನೊಬ್ಬ ಅಪರಾಧಿಯಿದ್ದಾನೆ. ನಮ್ಮ ಹೋಟೆಲಿನ ಸೆಟ್ಟು ಟ್ರಾನ್ಸ್‌ಫಾರ್ಮರ್ ಇರುವ ಜಾತಿಯದು. ಸ್ಪೀಕರಿಗೆ ಶಕ್ತಿ ಕೊಡುವ ವಾಲ್ವು ಇಎಲ್ 84. ಒಮ್ಮೆ ಧ್ವನಿ ಒಡೆದು ಬರತೊಡಗಿದಾಗ ದುರಸ್ತಿಗೆ ಬಂದವನು ಹೊಸ ವಾಲ್ವು ಹಾಕಿದನು. ಎರಡು ವಾರದಲ್ಲಿ ಅದೂ ಹೋಯಿತು. ಇನ್ನೊಂದು ಹಾಕಿದನು; ಅದರ ಒಳಗಿನ ತಗಡು ಕುಲುಮೆಯ ಕಬ್ಬಿಣದಂತೆ ಕೆಂಪಗಾಗುವುದು ಹೊರಗೇ ಕಾಣುತ್ತಿತ್ತು. “ಈಗಿನ ಮಾಲೇ ಹೀಗೆ” ಎಂದು ಹಣ ಎಣಿಸಿಕೊಂಡು ಹೋದನು. ಮೂರನೆಯ ಸಲ ಬೇರೊಬ್ಬ ವೃದ್ಧ ಮೆಕ್ಯಾನಿಕ್ಕರನ್ನು ಕರೆಸಿದೆವು. ಅವರು ವಾಲ್ವನ್ನು ಮುಟ್ಟಲೇ ಇಲ್ಲ. ಅದರ ಹಿಂದಿನ ವಾಲ್ವಿನಿಂದ ಇದಕ್ಕೆ ಧ್ವನಿಯನ್ನು ದಾಟಿಸುವ 0.01 ಮೈಕ್ರೋಫ್ಯಾರಡಿನ ಮೇಣದ ಕಾಗದದ ಕಂಡೆನ್ಸರನ್ನು ಕತ್ತರಿಸಿ ತೋರಿಸಿದರು. ಅದು ಧ್ವನಿಯನ್ನು ಮಾತ್ರ ಬಿಟ್ಟು ವೋಲ್ಟೇಜನ್ನು ತಡೆಯಬೇಕು. ವಯಸ್ಸಾದಂತೆ ಕಾಗದ ತೇವ ಹೀರಿ ಸೋರತೊಡಗುತ್ತದೆ. ಸುಮಾರು 7 ವೋಲ್ಟು ಋಣದಲ್ಲಿರಬೇಕಾದ ಗ್ರಿಡ್ಡು ಧನದ ಕಡೆಗೆ ಸರಿದರೆ ವಾಲ್ವಿನ ಲಗಾಮು ಬಿಟ್ಟಂತೆ. ಅದು ಮೈಮೀರಿ ದುಡಿದು ಸಾಯುತ್ತದೆ. ಹೊಸ ಪಾಲಿಯೆಸ್ಟರ್ ಕಂಡೆನ್ಸರು ಹಾಕಿದ ಮೇಲೆ ವಾಲ್ವು ಇಂದಿಗೂ ನಡೆಯುತ್ತಿದೆ. ಅಡುಗೆಮನೆಯ ಹಬೆ, ಎಣ್ಣೆಯ ಹೊಗೆ ಹೊಕ್ಕ ಹೋಟೆಲಿನ ಸೆಟ್ಟುಗಳಲ್ಲಿ ಈ ಕಂಡೆನ್ಸರುಗಳನ್ನು ಕೇಳದೆಯೇ ಬದಲಿಸಬಹುದೆಂಬುದು ಆ ವೃದ್ಧರ ಮಾತು. ನಮಗೂ ಅದು ಒಪ್ಪಿಗೆ.

ಇರಲಿ, ಎಲ್ಲ ಪರೀಕ್ಷೆಯಾಗಿ ವಾಲ್ವು ನಿಜವಾಗಿ ಹೋಗಿದೆಯೆಂದೇ ಖಚಿತವಾಯಿತೆನ್ನಿ. ಗಾಜಿನ ತಲೆಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿಯ ಕಲೆ ಇರುತ್ತದಲ್ಲವೇ, ಅದು ಸುಣ್ಣದಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಅದಕ್ಕೆ ಔಷಧವಿಲ್ಲ. ಆಗ ಹುಡುಕಲೇಬೇಕು. ಹುಡುಕುವವನಿಗೆ ಮೊದಲು ಬೇಕಾದುದು ವಾಲ್ವಿನ ಹೆಸರನ್ನು ಓದುವ ವಿದ್ಯೆ.

ನಮ್ಮ ಕಡೆಯವರ ಹೆಸರಿನಲ್ಲಿ ಊರು, ಮನೆತನ, ಸ್ವಂತ ಹೆಸರು ಇರುವಂತೆ ಯುರೋಪಿನ ವಾಲ್ವುಗಳ ಹೆಸರಿನಲ್ಲಿಯೂ ವಂಶಾವಳಿಯಿದೆ. ಮೊದಲ ಅಕ್ಷರ ಒಲೆಯನ್ನು, ಎಂದರೆ ಹೀಟರನ್ನು ಹೇಳುತ್ತದೆ: ‘ಇ’ ಎಂದರೆ 6.3 ವೋಲ್ಟು, ‘ಯು’ ಎಂದರೆ ಸರದಲ್ಲಿ 0.1 ಆಂಪಿಯರ್, ‘ಡಿ’ ಎಂದರೆ ಬ್ಯಾಟರಿಯ 1.4 ವೋಲ್ಟು. ಮುಂದಿನ ಅಕ್ಷರಗಳು ಉದ್ಯೋಗವನ್ನು ಹೇಳುತ್ತವೆ: ‘ಬಿ’ ಜೋಡಿ ಡಯೋಡು, ‘ಸಿ’ ಟ್ರಯೋಡು, ‘ಎಫ್’ ಪೆಂಟೋಡು, ‘ಎಲ್’ ಸ್ಪೀಕರನ್ನು ನಡೆಸುವ ಪೆಂಟೋಡು, ‘ಎಂ’ ಹಸಿರು ಮಾಯಾಕಣ್ಣು, ‘ವೈ’ ಮತ್ತು ‘ಝಡ್’ ರೆಕ್ಟಿಫೈಯರುಗಳು. ಅಂಕೆಯ ಮೊದಲ ಸಂಖ್ಯೆ ಕಾಲುಗಳದ್ದು: 3 ಎಂದರೆ ಎಂಟು ದಪ್ಪ ಕಡ್ಡಿಯ ಆಕ್ಟಲ್, 4 ಎಂದರೆ ರಿಮ್‌ಲಾಕ್, 8 ಎಂದರೆ ಒಂಬತ್ತು ಕಡ್ಡಿಯ ನೋವಲ್, 9 ಎಂದರೆ ಏಳು ಕಡ್ಡಿಯ ಚಿಕ್ಕದು. ಇಸಿಎಚ್ 81 ಮತ್ತು ಯುಸಿಎಚ್ 81 ಇವುಗಳಲ್ಲಿ ಒಳಗಿನ ಸಂಸಾರವೊಂದೇ, ಒಲೆ ಮಾತ್ರ ಬೇರೆ: ಮೊದಲನೆಯದು 6.3 ವೋಲ್ಟಿನಲ್ಲಿ 0.3 ಆಂಪಿಯರ್ ಬೇಡುತ್ತದೆ, ಎರಡನೆಯದು 19 ವೋಲ್ಟಿನಲ್ಲಿ 0.1. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುವ ಅಂಗಡಿಯವನನ್ನು ನಂಬಬಾರದು.

ಅಮೆರಿಕದವರ ಪದ್ಧತಿಯೇ ಬೇರೆ. ಅಲ್ಲಿ ಮೊದಲ ಅಂಕೆಯೇ ಹೀಟರಿನ ವೋಲ್ಟು. ಮಿಕ್ಕದ್ದು ಹೆಚ್ಚಾಗಿ ಪಟ್ಟಿಯ ಕ್ರಮ. ನಮ್ಮವರಿಗೆ ತೊಡಕಾಗುವುದು ಇಲ್ಲಿಯೇ. ‘ಇಎಲ್ 84 ಇಲ್ಲ’ ಎಂದ ಅಂಗಡಿಯಲ್ಲಿ 6ಬಿಕ್ಯೂ5 ಇರಬಹುದು, ಎರಡೂ ಒಂದೇ. ಇಸಿಎಚ್ 81ನ್ನು 6ಎಜೆ8 ಎಂದೂ, ಇಎಫ್ 89ನ್ನು 6ಡಿಎ6 ಎಂದೂ, ಇಬಿಎಫ್ 89ನ್ನು 6ಡಿಸಿ8 ಎಂದೂ, ಇಝಡ್ 80ನ್ನು 6ವಿ4 ಎಂದೂ, ಯುಎಲ್ 84ನ್ನು 45ಬಿ5 ಎಂದೂ, ಮೇಲೆ ಹೇಳಿದ ಯುವೈ 85ನ್ನು 38ಎ3 ಎಂದೂ ಕರೆಯುತ್ತಾರೆ. ಈ ಸಾಲನ್ನು ಕತ್ತರಿಸಿ ಕಿಸೆಯಲ್ಲಿಟ್ಟುಕೊಂಡು ಪೇಟೆಗೆ ಹೋಗಬಹುದು.

ಹೆಸರು ಬೇರೆ, ಗುಣ ಹತ್ತಿರ ಎಂಬಂಥವೂ ಇವೆ. ಇಲ್ಲಿ ವಿವೇಕ ಬೇಕು. ಇಝಡ್ 80ರ ಜಾಗದಲ್ಲಿ ಇಝಡ್ 81 ಕೂರುತ್ತದೆ, ಕಡ್ಡಿಗಳೂ ಹೊಂದುತ್ತವೆ. ಆದರೆ ಅದರ ಹೀಟರಿಗೆ 0.6 ಆಂಪಿಯರಿನ ಬದಲು 1 ಆಂಪಿಯರ್ ಬೇಕು. ಟ್ರಾನ್ಸ್‌ಫಾರ್ಮರ್ ಗಟ್ಟಿಯಾಗಿದ್ದರೆ ಸರಿ. ಅದಲುಬದಲಾಗಿ 81ರ ಜಾಗದಲ್ಲಿ 80ನ್ನು ಹಾಕಬಾರದು. ರಿಮ್‌ಲಾಕ್ ಕಾಲದ ಸೆಟ್ಟುಗಳಿಗೆ ಇನ್ನೊಂದು ಉಪಾಯ. ಯುಎಫ್ 41 ಸಿಗದಿದ್ದರೆ ಯುಎಫ್ 89, ಯುಬಿಸಿ 41 ಸಿಗದಿದ್ದರೆ ಯುಬಿಸಿ 81: ಹೀಟರಿನ ಲೆಕ್ಕ ಒಂದೇ, ಕಾಲು ಬೇರೆ. ಸಾಕೆಟ್ಟನ್ನು ಬದಲಿಸಬೇಕು, ಇಲ್ಲವೇ ಸತ್ತ ವಾಲ್ವಿನ ಬುಡದಿಂದ ಅಡಾಪ್ಟರ್ ಮಾಡಿಸಬೇಕು. ನಮ್ಮ ಮಟ್ಟಿಗೆ ಅಡಾಪ್ಟರೇ ಮೇಲು. ನಾಳೆ ಅಸಲು ವಾಲ್ವು ದೊರೆತರೆ ಸೆಟ್ಟು ಮೊದಲಿನಂತೆಯೇ ಇರುತ್ತದೆ.

ಇನ್ನು ಮಾಲು ಎಲ್ಲಿಂದ ಬರಬೇಕು? ಈ ವಾಲ್ವುಗಳಲ್ಲಿ ಎಷ್ಟೋ ನಮ್ಮ ನಾಡಿನವೇ ಎಂಬುದನ್ನು ಅಭಿಮಾನದಿಂದ ಹೇಳಬೇಕು. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ಮರುವರ್ಷವೇ ಅಲ್ಲಿ ಜರ್ಮೇನಿಯಮ್ ಅರೆವಾಹಕಗಳ ತಯಾರಿಕೆಯೂ ಆರಂಭವಾಯಿತು, ಎಂದರೆ ವಾಲ್ವಿನ ತೊಟ್ಟಿಲ ಪಕ್ಕದಲ್ಲಿಯೇ ಅದರ ವೈರಿಯೂ ಹುಟ್ಟಿತು. ಗಾಜಿನ ಮೇಲೆ ‘ಬಿಇಎಲ್’ ಎಂಬ ಮೂರು ಅಕ್ಷರಗಳಿರುವ ಇಸಿಎಚ್ 81, ಇಎಲ್ 84 ಇಂದಿಗೂ ಹಳೆಯ ದುರಸ್ತಿಗಾರರ ಡ್ರಾಯರುಗಳಲ್ಲಿ ಡಬ್ಬಿ ಒಡೆಯದೆ ಸಿಗುತ್ತವೆ. ವಿದೇಶೀ ಹೆಸರಿಗಾಗಿ ಇಮ್ಮಡಿ ಹಣ ಸುರಿಯುವವರಿಗೆ ನಾವು ಇವನ್ನೇ ಸೂಚಿಸುತ್ತೇವೆ.

ವಾಲ್ವಿನ ತಯಾರಿಕೆ ಪ್ರಪಂಚದಲ್ಲಿ ಪೂರ್ತಿ ನಿಂತಿಲ್ಲವೆಂಬುದೂ ತಿಳಿದಿರಲಿ. ಸ್ಲೊವಾಕಿಯ, ರಷ್ಯ, ಚೀನ ದೇಶಗಳ ಕಾರ್ಖಾನೆಗಳು ಗಿಟಾರ್ ವಾದಕರ ಮತ್ತು ಸಂಗೀತಪ್ರಿಯರ ಆಂಪ್ಲಿಫೈಯರುಗಳಿಗಾಗಿ ಇಎಲ್ 84, 6ವಿ6, ಇಸಿಸಿ 83 ಮೊದಲಾದವನ್ನು ಮಾಡುತ್ತ ಬಂದಿವೆ. ಆದರೆ ರೇಡಿಯೋದ ನಿಲಯ ಹಿಡಿಯುವ ಇಸಿಎಚ್ 81ರಂಥವು ಆಂಪ್ಲಿಫೈಯರಿಗೆ ಬೇಡವಾದುದರಿಂದ ಅವನ್ನು ಯಾರೂ ಹೊಸದಾಗಿ ಮಾಡುತ್ತಿಲ್ಲ. ಹಳೆಯ ದಾಸ್ತಾನೇ ಗತಿ. ದೈವವಶಾತ್ ಬೇಗ ಸವೆಯುವುದು ಹೆಚ್ಚು ದುಡಿಯುವ ಇಎಲ್ 84. ಇಸಿಎಚ್ 81 ಮಿತವಾಗಿ ಉಣ್ಣುವವರಂತೆ ದೀರ್ಘಾಯುಷಿ.

ಪುಣೆಯಲ್ಲಿ ಮೊದಲು ಬುಧವಾರ ಪೇಠೆಯ ತಪಕೀರ ಗಲ್ಲಿ ಮತ್ತು ಪಾಸೋಡ್ಯಾ ವಿಠೋಬಾ ಗುಡಿಯ ಸುತ್ತಲಿನ ಅಂಗಡಿಗಳನ್ನು ವಿಚಾರಿಸಬೇಕು. ಅಲ್ಲಿ ಈಗ ಮಾರುವುದು ಬೇರೆಯೇ ಸಾಮಾನು. ಆದರೂ ಕಂಡೆನ್ಸರು, ರೆಸಿಸ್ಟೆನ್ಸು, ಡಯೋಡುಗಳು ಅಲ್ಲಿ ಧಾರಾಳ. ಹಳೆಯ ಅಂಗಡಿಯ ಹಿರಿಯರನ್ನು ಮರಾಠಿಯಲ್ಲಿ ವಿನಯದಿಂದ ಕೇಳಿದರೆ ಮಾಳಿಗೆಯ ಮೇಲಿನ ಪೆಟ್ಟಿಗೆ ಇಳಿದು ಬರುವುದೂ ಉಂಟು. ಆಮೇಲೆ ದಶಕಗಳಿಂದ ರವಿವಾರ, ಬುಧವಾರ ಸೇರುತ್ತ ಬಂದಿರುವ ಮಂಗಳವಾರ ಪೇಠೆಯ ಜೂನಾ ಬಜಾರು. ಹೋಟೆಲಿನವರಿಗೆ ರವಿವಾರ ಬಿಡುವೆಲ್ಲಿ; ಬುಧವಾರ ಮಧ್ಯಾಹ್ನದ ಊಟದ ಗದ್ದಲ ಮುಗಿಸಿ ಹೋಗುವುದು ಅನುಕೂಲ. ಮುಂಬಯಿಗೆ ಹೋಗುವವರು ಲ್ಯಾಮಿಂಗ್ಟನ್ ರಸ್ತೆ, ಚೋರ್ ಬಜಾರುಗಳನ್ನೂ, ಬೆಂಗಳೂರಿಗೆ ಹೋಗುವವರು ಎಸ್. ಪಿ. ರಸ್ತೆಯನ್ನೂ ನೋಡಬಹುದು.

ಜೂನಾ ಬಜಾರಿನಲ್ಲಿ ಬಿಡಿ ವಾಲ್ವಿಗಿಂತ ಒಡೆದ ಇಡೀ ಸೆಟ್ಟನ್ನು ಕೊಳ್ಳುವುದು ಎಷ್ಟೋ ಸಲ ಅಗ್ಗ. ಪೆಟ್ಟಿಗೆ ಗೆದ್ದಲು ತಿಂದ ಮರ್ಫಿಯಲ್ಲಿ ಐದು ವಾಲ್ವು, ಗುಂಡಿಗಳು, ಸ್ಪೀಕರು ಎಲ್ಲವೂ ಬಂದವು. ಬಿಡಿಯಾಗಿ ಕೊಳ್ಳುವುದಾದರೆ ಮೀಟರನ್ನು ಜೊತೆಗೇ ಒಯ್ಯಿರಿ. ಹೀಟರು ನೋಡದೆ ಹಣ ಕೊಡಬೇಡಿ. ಅಕ್ಷರ ಅಳಿಸಿದ ವಾಲ್ವಿನ ಮೇಲೆ ಹೊಸದಾಗಿ ಬೆಲೆಬಾಳುವ ಹೆಸರು ಒತ್ತಿ ಮಾರುವವರೂ ಇದ್ದಾರೆ. ಹಳೆಯ ಮುದ್ರೆ ಬೆರಳು ತಾಗಿದರೇ ಅಳಿಸುವಷ್ಟು ನಾಜೂಕು. ಉಜ್ಜಿದರೂ ಅಳಿಸದೆ ಥಳಥಳಿಸುವ ಅಕ್ಷರವನ್ನು ಸಂಶಯದಿಂದ ನೋಡಬೇಕು. ಫಿಲಿಪ್ಸಿನವಾದರೆ ಗಾಜಿನ ಬುಡದ ಬಳಿ ಕೊರೆದಂತಿರುವ ಸಣ್ಣ ಸಂಕೇತವನ್ನು ಭೂತಗನ್ನಡಿಯಲ್ಲಿ ನೋಡಿ ತಾಳೆಹಾಕಬಹುದು.

ಬ್ಯಾಂಕಿನ ಗುಮಾಸ್ತರದು ಊರಿನಿಂದ ತಂದ ಬ್ಯಾಟರಿ ಸೆಟ್ಟು. ವಿದ್ಯುತ್ತಿಲ್ಲದ ಹಳ್ಳಿಗಳಲ್ಲಿ ಇವೇ ಇದ್ದವು. ಇದಕ್ಕೆ ಬೇಕಾದ 90 ವೋಲ್ಟಿನ ಬ್ಯಾಟರಿ ಈಗ ಅಂಗಡಿಯಲ್ಲಿಲ್ಲವೆಂದು ಅವರು ಕೈಚೆಲ್ಲಿದ್ದಾರೆ. 9 ವೋಲ್ಟಿನ ಚಿಕ್ಕ ಬ್ಯಾಟರಿಗಳನ್ನು ಹತ್ತು ಸಾಲಾಗಿ ಸೇರಿಸಿದರೆ 90 ಆಯಿತು. ಫಿಲಮೆಂಟಿಗೆ ದಪ್ಪ ಶೆಲ್ಲೊಂದು ಸಾಕು. ಜೋಡಣೆ ತಪ್ಪಿ 90 ವೋಲ್ಟು ಫಿಲಮೆಂಟಿಗೆ ಹೋದರೆ ಕಣ್ಣು ಮಿಟುಕಿಸುವುದರಲ್ಲಿ ಎಲ್ಲ ವಾಲ್ವುಗಳೂ ಒಟ್ಟಿಗೆ ಹೋಗುತ್ತವೆ. ಎರಡು ಸಲ ನೋಡಿ ಜೋಡಿಸಬೇಕು. ಅವರ ಸೆಟ್ಟಿನದು ಡಿಕೆ 96. ಅದರ ಫಿಲಮೆಂಟಿಗೆ 25 ಮಿಲಿಆಂಪಿಯರ್ ಸಾಕು. ಅಂಗಡಿಯವನು ತೋರಿಸಿದ ಡಿಕೆ 91, ಎಂದರೆ 1ಆರ್5, ಅದರ ಇಮ್ಮಡಿ ಬೇಡುತ್ತದೆ, ಕಡ್ಡಿಗಳ ಜೋಡಣೆಯೂ ಬೇರೆ. ಅದನ್ನು ಕೊಳ್ಳದೆ ಬಂದದ್ದೇ ಒಳ್ಳೆಯದಾಯಿತು.

ಇಷ್ಟು ಕಷ್ಟಪಟ್ಟು ಜೀವ ತಂದ ಸೆಟ್ಟಿನಲ್ಲಿ ಕೇಳುವುದೇನನ್ನು ಎಂದು ಗಲ್ಲಾದ ಮಿತ್ರರು ಕೇಳಿದ್ದಾರೆ, ಸರಿಯಾದ ಪ್ರಶ್ನೆಯೇ. ಆಕಾಶವಾಣಿಯು ದೇಶದಲ್ಲಿ ಎಷ್ಟೋ ಮಧ್ಯಮ ತರಂಗದ ಪ್ರಸಾರಯಂತ್ರಗಳನ್ನು ನಿಲ್ಲಿಸಿ ಎಫ್‌ಎಂ ಕಡೆಗೆ ಹೊರಳಿದೆ. ಈ ಸೆಟ್ಟುಗಳಿಗೆ ಎಫ್‌ಎಂ ತಿಳಿಯದು. ಮಧ್ಯಮ ತರಂಗ ಉಳಿದಿರುವ ತನಕ ರಾತ್ರಿ ಹೊತ್ತು, ಸುತ್ತಲಿನ ಎಲ್‌ಇಡಿ ದೀಪಗಳನ್ನೂ ಮೊಬೈಲ್ ಚಾರ್ಜರುಗಳನ್ನೂ ಆರಿಸಿ, ಉದ್ದನೆಯ ತಂತಿಯನ್ನು ಹೊರಗೆ ಕಟ್ಟಿ ಪ್ರಯತ್ನಿಸಬಹುದು. ಕರಕರ ಶಬ್ದದ ಮುಕ್ಕಾಲು ಪಾಲು ಆ ದೀಪ, ಚಾರ್ಜರುಗಳದ್ದೇ. ಟ್ರಾನ್ಸ್‌ಫಾರ್ಮರ್ ಇರುವ ಅನೇಕ ಸೆಟ್ಟುಗಳ ಹಿಂಭಾಗದಲ್ಲಿ ಗ್ರಾಮಫೋನಿಗೆಂದು ಎರಡು ತೂತುಗಳಿರುತ್ತವೆ. ಅದಕ್ಕೆ ಮೊಬೈಲನ್ನು ಜೋಡಿಸಿ, ಪ್ರಸಾರ ಭಾರತಿಯ ಆ್ಯಪಿನಲ್ಲಿ ಕನ್ನಡ ನಿಲಯವನ್ನು ಹಚ್ಚಿದರೆ ಅದೇ ವಾಲ್ವು, ಅದೇ ಸ್ಪೀಕರು ಮಾತನಾಡುತ್ತವೆ. ಒಳಗಿನದನ್ನು ಕಿತ್ತೆಸೆಯುವ ಪ್ರಮೇಯವೇ ಇಲ್ಲ. ಏಸಿ-ಡೀಸಿ ಸೆಟ್ಟುಗಳಿಗೆ ಮಾತ್ರ ಇದನ್ನು ಎಂದೂ ಮಾಡಬಾರದು. ಮೇಲೆ ಹೇಳಿದ ಗೋಡೆಯ ವಿದ್ಯುತ್ತು ತಂತಿಯ ಮೂಲಕ ಕೈಯಲ್ಲಿರುವ ಮೊಬೈಲಿಗೇ ಬಂದೀತು.

ಖಡಕಿಯ ಮಹಾಶಯರ ಸೆಟ್ಟು ಈಗ ಡಯೋಡಿನ ಮೇಲೆ ನಡೆಯುತ್ತಿದೆ. ಹೋದ ಯುವೈ 85ನ್ನು ಅವರು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯ ಮೂಲೆಯಲ್ಲಿಯೇ ಇಟ್ಟಿದ್ದಾರೆ. ಅದರ ಜೋಡಿ ಯಾರ ಮನೆಯಲ್ಲಾದರೂ ಸುಮ್ಮನೆ ಬಿದ್ದಿದ್ದರೆ ನಮ್ಮ ಕಚೇರಿಗೆ ಒಂದು ಕಾರ್ಡು ಬರೆಯಬೇಕು. ಗಾಜಿನ ಮೇಲಿನ ಧೂಳನ್ನು ಒರೆಸುವ ಭರದಲ್ಲಿ ಅಕ್ಷರಗಳನ್ನು ಅಳಿಸದೆ, ಇದ್ದುದನ್ನು ಇದ್ದಂತೆಯೇ ನೋಡಿ ಬರೆದು ಕಳುಹಿಸಬೇಕಾಗಿ ಕೋರಿಕೆ.